ಹುಟ್ಟಿನ ಹಿಡಿಯ ಮೇಲೊಂದು ಗೀರು

ಕೊಟ್ಟೂರೇಶ್ವರನ ತೇರಿಗೆ ಹೋದವರು ಜಾತ್ರೆಯ ಸಾಲಂಗಡಿಗಳ ಕೊನೆಯ ತನಕ ನಡೆದರೆ ಮರದ ಸಾಮಾನಿನ ಗುಡ್ಡೆಯೊಂದು ಕಣ್ಣಿಗೆ ಬೀಳಬಹುದು. ಸ್ಟೀಲು, ಪ್ಲಾಸ್ಟಿಕ್ಕುಗಳ ಥಳಕಿನ ನಡುವೆ ಅದು ಸ್ವಲ್ಪ ಮಂಕಾಗಿಯೇ ಇರುತ್ತದೆ. ಲಟ್ಟಣಿಗೆ, ಕಡಗೋಲು, ಮುದ್ದೆ ಕೋಲು, ಒಂದೆರಡು ಬಗೆಯ ಹುಟ್ಟು. ಕೊಳ್ಳುವ ಹೆಂಗಸರು ಹುಟ್ಟನ್ನು ಎತ್ತಿ, ತಲೆಯ ಕಡೆ ಬಿರುಕು ಇದೆಯೇ ಎಂದು ನೋಡಿ, ಉಗುರಿನಿಂದ ಕುಟ್ಟಿ, ಚೌಕಾಸಿ ಶುರು ಮಾಡುತ್ತಾರೆ. ಹಿಡಿಯ ಮೇಲೆ ಅಡ್ಡಲಾಗಿ ಎಳೆದ ಎರಡು ಮೂರು ಗೀರುಗಳನ್ನು ಯಾರೂ ಗಮನಿಸುವುದಿಲ್ಲ. ಅವನ್ನು ಎಳೆದ ಬಡಿಗ ಮಾತ್ರ ಅಷ್ಟು ಹೊತ್ತು ಉಳಿ ಹಿಡಿದು ಕುಳಿತಿದ್ದ.

ಆ ಗೀರು ಏಕೆ? ಅದೂ ಹಿಡಿಯ ಮೇಲೆಯೇ ಏಕೆ? ಮೈಸೂರಿನ ಬೀಟೆ ಮರದ ಸಾಮಾನುಗಳಲ್ಲಿ ಕಾಣುವಂತೆ ಬಣ್ಣಬಣ್ಣದ ಚೂರುಗಳನ್ನು ಕೂರಿಸಿದ ಆನೆ, ನವಿಲುಗಳು ಅಡುಗೆಯ ಹುಟ್ಟಿನ ಮೇಲೆ ಏಕೆ ಬರಲಿಲ್ಲ? ಬಡವರ ಮನೆಯ ವಸ್ತುವಿಗೆ ಯಾರು ಅಷ್ಟು ಶ್ರಮಪಡುತ್ತಾರೆ ಎಂಬ ಉತ್ತರ ತಟ್ಟನೆ ಹೊಳೆಯುತ್ತದೆ. ಅದು ಅರ್ಧ ನಿಜ. ಉಳಿದ ಅರ್ಧ ಮರದ ಗುಣದಲ್ಲಿದೆ, ಕುದಿಯುವ ಅಂಬಲಿಯಲ್ಲಿದೆ.

ಮೊದಲು ಹೆಸರಿನ ಮಾತು. ಮರದ ಸೌಟಿಗೆ ಕನ್ನಡದಲ್ಲಿ ಹೆಸರುಗಳು ಹಲವು. ಸಟ್ಟುಗ ಎಂಬುದು ಹಳೆಯ ಮಾತು. ಸವುಟು, ಸೌಟು ಎಲ್ಲ ಕಡೆ ಬಳಕೆಯಲ್ಲಿವೆ. ಹುಟ್ಟು ಎಂದರೆ ಸೌಟೂ ಹೌದು, ದೋಣಿ ನಡೆಸುವ ಹುಟ್ಟೂ ಹೌದು. ಹೂವಿನಹಡಗಲಿ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯ ದಡದವರಿಗೆ ಇದನ್ನು ವಿವರಿಸಬೇಕಿಲ್ಲ. ನೀರನ್ನು ತಳ್ಳುವುದಕ್ಕೂ ಗಂಜಿಯನ್ನು ತಿರುವುವುದಕ್ಕೂ ಬೇಕಾದ ಆಕಾರ ಒಂದೇ: ಉದ್ದದ ಹಿಡಿ, ಅಗಲದ ತಲೆ. ಸಟ್ಟುಗಕ್ಕೆ ಸಾರಿನ ರುಚಿ ತಿಳಿಯದು ಎಂಬ ಹೋಲಿಕೆ ಪಾಲಿ ಭಾಷೆಯ ಧಮ್ಮಪದದಲ್ಲಿಯೇ ಇದೆ. ಎರಡು ಸಾವಿರ ವರ್ಷಗಳಿಂದ ಈ ಬಡಪಾಯಿ ಮೂರ್ಖನಿಗೆ ಉಪಮಾನವಾಗಿ ನಿಂತಿದೆ. ಅದೇ ಸಟ್ಟುಗವನ್ನು ಕೈಯಲ್ಲಿ ಹಿಡಿದ ಅನ್ನಪೂರ್ಣೆಯ ಹಿತ್ತಾಳೆ ವಿಗ್ರಹವನ್ನು ಎಷ್ಟೋ ಮನೆಗಳ ದೇವರ ಜಗುಲಿಯ ಮೇಲೆ ಇಟ್ಟು ಪೂಜಿಸುತ್ತೇವೆ ಎಂಬುದು ಬೇರೆ ಮಾತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಮಳೆ ಕಡಿಮೆಯ ಸೀಮೆ. ತೇಗ, ಬೀಟೆಗಳ ಕಾಡು ಇಲ್ಲಿಲ್ಲ. ಬಡಿಗನ ಕೈಗೆ ಸಿಗುವುದು ಬೇವು, ಹುಣಸೆ, ಜಾಲಿ. ಗಾಡಿಗೆ, ನೇಗಿಲಿಗೆ ಗಟ್ಟಿ ಜಾಲಿ ಬೇಕು. ಮನೆಬಳಕೆಯ ಸಣ್ಣ ಸಾಮಾನಿಗೆ ಬೇವು ನಡೆಯುತ್ತದೆ. ಹಿಂದೆ ಆಯಗಾರಿಕೆಯ ಲೆಕ್ಕದಲ್ಲಿ ಬಡಿಗನಿಗೆ ಸುಗ್ಗಿಯಲ್ಲಿ ಕಣದಿಂದಲೇ ಕಾಳು ಸಲ್ಲುತ್ತಿತ್ತು. ನೇಗಿಲು, ಕುಂಟೆ, ಕೂರಿಗೆಗಳ ಕೆಲಸದ ನಡುವೆ ಉಳಿದ ತುಂಡಿನಿಂದ ಆಗುತ್ತಿದ್ದ ಹುಟ್ಟಿಗೆ ಬೇರೆ ಬೆಲೆ ಎಂಬುದು ಇರಲಿಲ್ಲ. ಬೆಲೆ ಇಲ್ಲದ ವಸ್ತುವಿನ ಮೇಲೆಯೂ ಗೀರು ಬಿತ್ತು ಎನ್ನುವುದೇ ಸ್ವಾರಸ್ಯ.

ಎಳೆಯ ಹಾದಿ

ಹುಟ್ಟು ಮಾಡುವವನು ಮೊದಲು ನೋಡುವುದು ಮರದ ಎಳೆ ಯಾವ ಕಡೆ ಓಡುತ್ತದೆ ಎಂಬುದನ್ನು. ಎಳೆ ಹಿಡಿಯ ಉದ್ದಕ್ಕೂ ಸಾಗಿ ತಲೆಯವರೆಗೆ ಹೋಗಬೇಕು. ಅಡ್ಡ ಎಳೆಯ ಹುಟ್ಟು ಮೊದಲ ಮುದ್ದೆ ತಿರುವುವಾಗಲೇ ಕುತ್ತಿಗೆಯಲ್ಲಿ ಮುರಿಯುತ್ತದೆ. ಬಾಚಿಯಿಂದ ಒರಟಾಗಿ ಕೆತ್ತಿ, ಉಳಿ ಮತ್ತು ಕೊಡತಿಯಿಂದ ತಲೆಯ ಗುಳಿ ತೋಡಿ, ಅರದಿಂದ ಉಜ್ಜಿದರೆ ಆಕಾರ ಬಂತು. ಹಸಿ ಮರದಲ್ಲಿ ಕೆತ್ತುವುದು ಸುಲಭ, ಆದರೆ ಬಿಸಿಲಿಗೆ ಇಟ್ಟರೆ ಸೀಳುತ್ತದೆ. ಒರಟು ಕೆತ್ತನೆ ಮುಗಿಸಿ ನೆರಳಿನಲ್ಲಿ ನಿಧಾನವಾಗಿ ಒಣಗಿಸಿ, ಆಮೇಲೆ ನುಣುಪು ಮಾಡುವುದು ರೂಢಿ.

ಗೀರು ಹಾಕುವ ಕೆಲಸ ಕೊನೆಯದು, ಮರ ಪೂರ್ತಿ ಒಣಗಿದ ಮೇಲಿನದು. ಇದರಲ್ಲಿ ಬೇರೆ ಬೇರೆ ವಿಧಾನಗಳಿವೆ. ಅತಿ ಸರಳವಾದದ್ದು ಕಚ್ಚು. ಉಳಿಯ ಮೂಲೆಯಿಂದ ಎರಡು ಏಟು, ಒಂದು ಎಡಕ್ಕೆ ವಾಲಿಸಿ, ಇನ್ನೊಂದು ಬಲಕ್ಕೆ ವಾಲಿಸಿ. ನಡುವಿನ ಸಣ್ಣ ಚಕ್ಕೆ ಹಾರಿಹೋಗಿ ಕಣಿವೆಯಂಥ ಗೀರು ಉಳಿಯುತ್ತದೆ. ಇಂಥ ಕಚ್ಚುಗಳನ್ನು ಹಿಡಿಯ ಸುತ್ತ ಬಳೆಯಂತೆ ತಿರುಗಿಸಿದರೆ ಅಲಂಕಾರವೂ ಆಯಿತು, ಎಣ್ಣೆ ಕೈ ಜಾರದ ಹಿಡಿತವೂ ಆಯಿತು. ಇದು ನಮ್ಮದು, ಅದು ನೆರೆಮನೆಯದು ಎಂದು ಗುರುತಿಸುವುದಕ್ಕೂ ಅನುಕೂಲ. ಮದುವೆ ಮನೆಗೆ ಹತ್ತು ಮನೆಯ ಪಾತ್ರೆ ಸೇರುತ್ತಿದ್ದ ಕಾಲದಲ್ಲಿ ಇದು ಸಣ್ಣ ವಿಷಯವೇನಲ್ಲ. ಹಿತ್ತಾಳೆ ಪಾತ್ರೆಯ ಮೇಲೆ ಹೆಸರು ಕೊರೆಸುವ ಅಭ್ಯಾಸದ ಹಿಂದಿನ ಕಾರಣವೂ ಇದೇ ಅಲ್ಲವೇ?

ಕೈವಾರ ಇದ್ದವನು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಒಂದು ವೃತ್ತ ಎಳೆದು, ಕೈವಾರದ ಅಗಲವನ್ನು ಬದಲಿಸದೆ, ಅದರ ಮುಳ್ಳನ್ನು ವೃತ್ತದ ಅಂಚಿನ ಮೇಲೆ ಇಟ್ಟು ಕಮಾನು ಎಳೆಯುತ್ತ ಹೋದರೆ ಸರಿಯಾಗಿ ಆರು ಹೆಜ್ಜೆಗೆ ಸುತ್ತು ಮುಗಿಯುತ್ತದೆ. ಆರು ದಳದ ಹೂವು ತಾನಾಗಿ ಮೂಡುತ್ತದೆ. ಲೆಕ್ಕ ಬೇಡ, ಚಿತ್ರ ಬರೆಯಲು ಬರಬೇಕೆಂದೂ ಇಲ್ಲ. ಹಳೆಯ ಮನೆಗಳ ಬಾಗಿಲವಾಡದಲ್ಲಿ ಈ ಹೂವು ಕಂಡುಬರುತ್ತದೆ. ಯುರೋಪಿನ ರೈತರ ಪೆಟ್ಟಿಗೆ, ತೊಟ್ಟಿಲುಗಳ ಮೇಲೂ ಇದೇ ಹೂವಿದೆ. ಒಬ್ಬರಿಂದ ಒಬ್ಬರು ಕಲಿತರು ಎನ್ನುವುದಕ್ಕಿಂತ, ಕೈವಾರ ಕೈಗೆ ಬಂದ ಬಡಿಗರೆಲ್ಲ ಅದನ್ನು ತಾವೇ ಕಂಡುಕೊಂಡರು ಎನ್ನುವುದೇ ನನಗೆ ಹೆಚ್ಚು ಸರಿ ಎನಿಸುತ್ತದೆ.

ಅತ್ಯಂತ ನವಿರಾದ ವಿಧಾನದಲ್ಲಿ ಮರವನ್ನು ತೆಗೆಯುವುದೇ ಇಲ್ಲ. ಚೂಪಾದ ಚೂರಿಯ ತುದಿಯಿಂದ ಕೂದಲೆಳೆಯಷ್ಟು ಸೀಳು ಹಾಕಿ, ಅದರೊಳಗೆ ಕಪ್ಪು ಪುಡಿಯನ್ನು ತಿಕ್ಕುವುದು. ನಾರ್ವೆ, ಸ್ವೀಡನ್ ದೇಶಗಳಲ್ಲಿ ಇದನ್ನು ಕೋಲ್‌ರೋಸಿಂಗ್ ಎನ್ನುತ್ತಾರೆ. ಅಲ್ಲಿ ಮರದ ತೊಗಟೆಯ ಪುಡಿ, ಕಾಫಿ ಪುಡಿ ಅಥವಾ ದಾಲ್ಚಿನ್ನಿ ಪುಡಿಯನ್ನು ಬೆರಳಿನಿಂದ ಉಜ್ಜಿ, ಮೇಲೆ ಎಣ್ಣೆ ಸವರುತ್ತಾರೆ. ಎಣ್ಣೆ ಕುಡಿದ ಮರ ಉಬ್ಬಿ ಸೀಳು ಮುಚ್ಚಿಕೊಳ್ಳುತ್ತದೆ, ಪುಡಿ ಒಳಗೇ ಬಂದಿಯಾಗುತ್ತದೆ. ಮುಟ್ಟಿದರೆ ಮೇಲ್ಮೈ ನುಣುಪು, ನೋಡಿದರೆ ಮಸಿಯಿಂದ ಬರೆದಂಥ ರೇಖೆ.

ಇದನ್ನು ಬರೆಯುವ ಮುನ್ನ ಒಂದು ಬೇವಿನ ತುಂಡು, ಹೊಸ ಬ್ಲೇಡು, ಮನೆಯ ಕಾಫಿ ಪುಡಿ ಹಿಡಿದು ನಾನೂ ಕುಳಿತೆ. ಎಳೆಗೆ ಅಡ್ಡವಾಗಿ ಎಳೆದ ಗೆರೆಗಳು ಸೊಗಸಾಗಿ ಬಂದವು. ಎಳೆಯ ಜೊತೆ ಓಡುವ ಬಳ್ಳಿ ಬರೆಯಲು ಹೋದಾಗ ಬ್ಲೇಡು ನನ್ನ ಮಾತು ಕೇಳದೆ ಮರದ ಮಾತು ಕೇಳಿತು. ಬಳ್ಳಿ ನೆಟ್ಟಗಾಯಿತು, ಬೆರಳಿಗೆ ಪಟ್ಟಿ ಬಂತು. ಹಿಡಿಯ ಮೇಲಿನ ಗೀರುಗಳು ಸಾಮಾನ್ಯವಾಗಿ ಅಡ್ಡಗೆರೆ, ಓರೆಗೆರೆ, ಚೌಕುಳಿಗಳೇ ಆಗಿರುವುದೇಕೆ ಎಂಬುದಕ್ಕೆ ಬೇರೆ ವಿವರಣೆ ನನಗೆ ಬೇಕಾಗಲಿಲ್ಲ. ಎಳೆಯನ್ನು ಕತ್ತರಿಸಿ ಹೋಗುವ ಗೆರೆ ಮಾತ್ರ ಬಡಿಗನ ಹತೋಟಿಯಲ್ಲಿರುತ್ತದೆ.

ಕೂರಿಸಿದ್ದು ಕುದಿಗೆ ನಿಲ್ಲದು

ಇನ್ನು ಹುದುಗಿಸುವ ಕೆಲಸ. ಇನ್‌ಲೇ ಎಂದೇ ಮೈಸೂರಿನಲ್ಲಿ ಅದು ಮನೆಮಾತು. ಮಂಡಿ ಮೊಹಲ್ಲಾದ ಕುಶಲಕರ್ಮಿಗಳಿಂದ ಹೆಸರಾದ ಈ ಕಲೆಯ ಕ್ರಮ ಹೀಗೆ: ಕಾಗದದ ಮೇಲಿನ ಚಿತ್ರವನ್ನು ತುಂಡು ತುಂಡಾಗಿ ಬಿಡಿಸಿ, ಆಯಾ ಬಣ್ಣದ ತೆಳು ಹಲಗೆಗಳ ಮೇಲೆ ಅಂಟಿಸಿ, ನವಿರಾದ ಗರಗಸದಿಂದ ಕತ್ತರಿಸುತ್ತಾರೆ. ಆ ತುಂಡುಗಳನ್ನು ಬೀಟೆ ಹಲಗೆಯ ಮೇಲೆ ಜೋಡಿಸಿ, ಸೂಜಿಮೊನೆಯಿಂದ ಸುತ್ತ ಗುರುತು ಹಾಕಿ, ಒಳಭಾಗವನ್ನು ಉಳಿಯಿಂದ ತೋಡುತ್ತಾರೆ. ತುಂಡು ಗುಳಿಯಲ್ಲಿ ಬಿಗಿಯಾಗಿ ಕೂರಬೇಕು. ಅಂಟು ಹಾಕಿ ಕೂರಿಸಿ, ಉಜ್ಜಿ ಒಂದೇ ಮಟ್ಟ ಮಾಡಿದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

ಉಳಿದ ಕಾಲುಭಾಗದಲ್ಲಿ ಗೀರು ಮತ್ತೆ ಬರುತ್ತದೆ. ಕೂರಿಸಿದ ಬಿಳಿಯ ಆನೆ ಬರೀ ಬಿಳಿಯ ಮಚ್ಚೆಯಷ್ಟೇ. ಅದಕ್ಕೆ ಕಣ್ಣು, ಕಿವಿಯ ಮಡಿಕೆ, ಜೂಲಿನ ಅಂಚು ಬರುವುದು ಮೇಲೆ ಮೊನೆಯಿಂದ ಗೀರಿ ಕಪ್ಪು ತುಂಬಿದಾಗ. ಅರಮನೆಯ ಬಾಗಿಲಿನ ಕುಶಲಿಗೂ ಹಳ್ಳಿಯ ಹುಟ್ಟಿನ ಬಡಿಗನಿಗೂ ಕೊನೆಯ ಹೆಜ್ಜೆ ಒಂದೇ.

ದಂತ ಈ ಕಲೆಯ ಮುಖ್ಯ ಸಾಮಗ್ರಿಯಾಗಿತ್ತು. ಮೈಸೂರು ಅರಮನೆಯ ಅಂಬಾವಿಲಾಸದ ಬಾಗಿಲುಗಳಲ್ಲಿ, ಶ್ರೀರಂಗಪಟ್ಟಣದ ಗುಂಬಜ್‌ಗೆ ಲಾರ್ಡ್ ಡಾಲ್‌ಹೌಸಿ ಕೊಟ್ಟ ಬಾಗಿಲುಗಳಲ್ಲಿ ಅದರ ಸೊಬಗನ್ನು ನೋಡಬಹುದು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ತಂದ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನು ನಿಷೇಧಿಸಿತು. 1991ರಲ್ಲಿ ಆಫ್ರಿಕಾದ ದಂತಕ್ಕೂ ಬಾಗಿಲು ಮುಚ್ಚಿತು. ಕಲೆ ಸಾಯಲಿಲ್ಲ. ಬಿಳಿಗೆ ಪ್ಲಾಸ್ಟಿಕ್ ಬಂತು. ಹಳದಿಗೆ ಹಲಸು, ಉಳಿದ ಛಾಯೆಗಳಿಗೆ ಮಾವು, ಸಂಪಿಗೆ, ರಬ್ಬರ್ ಮರಗಳ ಸಹಜ ಬಣ್ಣವೇ ಬಳಕೆಯಾಯಿತು. ನನ್ನ ಕಣ್ಣಿಗೆ ಮರದೊಳಗೆ ಮರ ಕೂರಿಸಿದ ಕೆಲಸವೇ ಪ್ಲಾಸ್ಟಿಕ್ಕಿಗಿಂತ, ಅಷ್ಟೇಕೆ, ದಂತಕ್ಕಿಂತಲೂ ಚೆಂದ. ಮೈಸೂರಿನ ಬೀಟೆ ಇನ್‌ಲೇಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಈ ಕೆಲಸವನ್ನು ಅಡುಗೆ ಹುಟ್ಟಿನ ತಲೆಯ ಮೇಲೆ ಮಾಡಿದರೆ ಏನಾಗುತ್ತದೆ? ಮರ ನೀರು ಕುಡಿದರೆ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಬೆಳೆಯುವುದಿಲ್ಲ, ಅಗಲಕ್ಕೆ ಮಾತ್ರ ಉಬ್ಬುತ್ತದೆ. ಒಣಗಿದರೆ ಮತ್ತೆ ಕುಗ್ಗುತ್ತದೆ. ಎಲ್ಲ ಮರವೂ ಒಂದೇ ಪ್ರಮಾಣದಲ್ಲಿ ಉಬ್ಬುವುದಿಲ್ಲ. ಬೇವಿನೊಳಗೆ ಕೂರಿಸಿದ ಹಲಸಿನ ಚೂರು ತನ್ನ ಲಯದಲ್ಲಿ, ಬೇವು ತನ್ನ ಲಯದಲ್ಲಿ ದಿನಕ್ಕೆ ಎರಡು ಸಲ ಉಬ್ಬಿ ಕುಗ್ಗಿದರೆ ನಡುವಿನ ಸಂದು ಬಾಯಿ ಬಿಡುವುದು ಖಂಡಿತ. ಬಡಿಗರು ಹಿಂದೆ ಬಳಸುತ್ತಿದ್ದ, ಚರ್ಮ ಮೂಳೆಗಳನ್ನು ಕುದಿಸಿ ತೆಗೆದ ಸರೇಸು ಬಿಸಿನೀರಿಗೇ ಕರಗುವ ಅಂಟು. ಅರಗು ತುಂಬೋಣವೆಂದರೆ ಅದು ಸುಮಾರು 75 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮೆತ್ತಗಾಗುತ್ತದೆ. ಕುದಿಯುವ ಅಂಬಲಿ ನೂರು ಡಿಗ್ರಿಯ ಹತ್ತಿರ ಇರುತ್ತದೆ. ತಲೆಯ ಮೇಲೆ ಆಳವಾದ ಗೀರು ಹಾಕಿದರೂ ಅನ್ನದ ಅಗುಳು, ಹಿಟ್ಟು ಸಿಕ್ಕಿಕೊಂಡು ಹುಳಿಯುತ್ತದೆ.

ಹೀಗಾಗಿ ತಲೆ ಬೋಳು, ಹಿಡಿಗೆ ಗೀರು. ಬಡತನ ಮಾತ್ರ ಇದನ್ನು ನಿರ್ಧರಿಸಲಿಲ್ಲ, ವಿವೇಕವೂ ನಿರ್ಧರಿಸಿತು.

ವೈದಿಕ ಹೋಮದ ಸೌಟುಗಳನ್ನು ನೋಡಿದರೂ ಇದೇ ವಿವೇಕ ಕಾಣುತ್ತದೆ. ಸ್ರುವವನ್ನು ಖದಿರ ಎಂದರೆ ಕಗ್ಗಲಿ ಮರದಿಂದ, ಜುಹೂ ಎಂಬುದನ್ನು ಮುತ್ತುಗದಿಂದ ಮಾಡಬೇಕೆಂದು ಶ್ರೌತಸೂತ್ರಗಳು ವಿಧಿಸುತ್ತವೆ. ತುಪ್ಪ ಸುರಿಯುವ ಮೂತಿಯನ್ನು ಹಂಸದ ಕೊಕ್ಕಿನಂತೆ ತಿದ್ದುತ್ತಾರೆ. ಅಲಂಕಾರವೆಲ್ಲ ಆಕಾರದಲ್ಲೇ ಇದೆ. ಬೆಂಕಿಯ ಮುಂದೆ ನಿಲ್ಲುವ ಉಪಕರಣಕ್ಕೆ ಅಂಟಿಸಿದ ಚೂರು ಹೊಂದುವುದಿಲ್ಲ ಎಂಬುದು ಅಲ್ಲಿಯೂ ಗೊತ್ತಿತ್ತು.

ಮದ್ರಾಸಿನ ಪಾತ್ರೆ

ಮೈಸೂರಿನ ಕಲೆ ಈ ಐದು ಊರುಗಳಿಗೆ ಹರಡದೇ ಇದ್ದುದಕ್ಕೆ ಚರಿತ್ರೆಯ ಕಾರಣವೂ ಇದೆ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೂ ಮೈಸೂರಿನದಾಗಿರಲಿಲ್ಲ, ಮದ್ರಾಸಿನದಾಗಿತ್ತು. ಅರಮನೆಯ ಬೇಡಿಕೆ, ಆಶ್ರಯ, ಕಾಡಿನ ಬೀಟೆ ಮೈಸೂರಿನ ಕುಶಲಕರ್ಮಿಗಳಿಗೆ ಒದಗಿದವು. ಮದ್ರಾಸಿನ ಕಡೆಯಿಂದ ಬಂದದ್ದು ಬೇರೆಯೇ ವಸ್ತು. ಅಲ್ಲಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ 1898ರಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆ ಆರಂಭಿಸಿದರು. ಅಗ್ಗದ, ಹಗುರದ, ಸೀಳದ ಪಾತ್ರೆ. ಅದರ ಹಿಂದೆ ಸ್ಟೀಲು ಬಂತು. ಮರದ ಸೌಟು ಮುದ್ದೆ, ನುಚ್ಚು, ಅಂಬಲಿ, ಮಜ್ಜಿಗೆಗಳಿಗೆ ಸೀಮಿತವಾಯಿತು. ಇದೇ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾದರು ಎಂಬುದು ಚರಿತ್ರೆಯ ಒಂದು ತಮಾಷೆ.

ಈ ಸೀಮೆಗೆ ಕೆತ್ತನೆ ಗೊತ್ತಿರಲಿಲ್ಲ ಎಂದು ಮಾತ್ರ ಯಾರೂ ಹೇಳಲಾರರು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿ, ತುಂಗಭದ್ರೆಯ ದಂಡೆಯ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಗಳಿಗೆ ಒಮ್ಮೆ ಹೋಗಿ ನೋಡಿ. ಬಳಪದ ಕಲ್ಲಿನ ಕಂಬಗಳ ಸುತ್ತ ಚರಕಿ ಹಿಡಿದು ತಿರುವಿದಂಥ ಬಳೆಗೀರುಗಳು, ಬಾಗಿಲವಾಡದ ಪಟ್ಟಿಗಳಲ್ಲಿ ಬಳ್ಳಿ, ಮುತ್ತು, ಚೌಕುಳಿ. ಹುಟ್ಟಿನ ಹಿಡಿಯ ಮೇಲಿನ ಬಳೆಗೀರಿನ ದೊಡ್ಡಣ್ಣಂದಿರು ಇವು. ಕಲ್ಲು ಉಳಿಯಿತು, ಮರ ಉಳಿಯಲಿಲ್ಲ. ಹಂಪಿಯಲ್ಲಿ ಅರಸರ ಸಭಾಮಂಟಪದ ಕಲ್ಲಿನ ಜಗುಲಿಯ ಮೇಲೆ ನೂರು ಮರದ ಕಂಬ ನಿಲ್ಲಿಸಿದ ಕುಳಿಗಳು ಇವೆ, ಕಂಬಗಳಿಲ್ಲ. ಅರಸರ ಕಂಬದ ಪಾಡೇ ಹೀಗಿರುವಾಗ ಸವೆದ ಹುಟ್ಟನ್ನು ಯಾರು ಕಾಯುತ್ತಾರೆ? ಬಿರುಕು ಬಿಟ್ಟ ದಿನವೇ ಅದು ಒಲೆಗೆ ಹೋಗುತ್ತದೆ, ಗೀರಿನ ಸಮೇತ.

ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಹಾಗಾಗಲಿಲ್ಲ. ಅಲ್ಲಿನ ಹಳ್ಳಿಯ ಯುವಕರು ಮೆಚ್ಚಿದ ಹುಡುಗಿಗೆ ಮರದ ಚಮಚ ಕೆತ್ತಿ ಕೊಡುತ್ತಿದ್ದರು. ಒಂದೇ ತುಂಡಿನಲ್ಲಿ ಕೆತ್ತಿದ ಸರಪಳಿ, ಪಂಜರದೊಳಗೆ ಉರುಳುವ ಗುಂಡು, ಹೃದಯದ ಆಕಾರ. ಕೆಲವಕ್ಕೆ ಗೀರಿದ ಅಕ್ಷರಗಳಲ್ಲಿ ಕೆಂಪು, ಕಪ್ಪು ಅರಗನ್ನು ತುಂಬಿದ್ದೂ ಉಂಟು. ಸೇಂಟ್ ಫೇಗನ್ಸ್ ವಸ್ತುಸಂಗ್ರಹಾಲಯದಲ್ಲಿ 1667ರ ವರ್ಷ ಕೆತ್ತಿದ ಚಮಚವೊಂದಿದೆ. ಅದು ಉಳಿದದ್ದು ಹೇಗೆ ಎಂದು ಯೋಚಿಸಿ. ಆ ಬಗೆಯ ಚಮಚಗಳನ್ನು ಗೋಡೆಗೆ ತೂಗುಹಾಕುತ್ತಿದ್ದರು, ಗಂಜಿಗೆ ಇಳಿಸುತ್ತಿರಲಿಲ್ಲ. ಕೂರಿಸಿದ ಅಲಂಕಾರ ಬೇಕಾದರೆ ಸೌಟು ಅಡುಗೆಮನೆ ಬಿಟ್ಟು ಪಡಸಾಲೆಗೆ ಬರಬೇಕು.

ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಮನೆಬಳಕೆಯ ಮರದ ಸಾಮಾನುಗಳನ್ನು ಕೂಡಿಟ್ಟಿವೆ. ಈ ಐದು ತಾಲ್ಲೂಕಿನವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪಕ್ಕದಲ್ಲೇ ಇದೆ. ಅಟ್ಟದ ಮೇಲಿನ ಹಳೆಯ ಹುಟ್ಟು, ಕಡಗೋಲು, ಶಾವಿಗೆ ಮಣೆಗಳನ್ನು ಊರು, ಮರ, ಅಳತೆ, ಬಳಸಿದ ಬಗೆಯ ಸಮೇತ ಒಬ್ಬ ವಿದ್ಯಾರ್ಥಿ ಬರೆದಿಟ್ಟರೂ ಸಾಕು.

ಬೇಲಿಯ ಮರ

ನಾನ್‌ಸ್ಟಿಕ್ ಬಾಣಲೆಗಳು ಬಂದ ಮೇಲೆ ಪಟ್ಟಣಗಳಲ್ಲಿ ಮರದ ಸೌಟಿಗೆ ಮತ್ತೆ ಬೆಲೆ ಬಂದಿದೆ. ಬೆಂಗಳೂರಿನ ಮಳಿಗೆಗಳಲ್ಲಿ ಬೇವಿನ ಸೌಟುಗಳ ಕಟ್ಟು ಮಾರಾಟವಾಗುತ್ತದೆ. ಅವುಗಳ ಹಿಡಿ ಬಹುಮಟ್ಟಿಗೆ ಬೋಳು. ಗೀರು ಹಾಕಬಲ್ಲ ಕೈಗಳಿಗೆ ಇಲ್ಲೊಂದು ಅವಕಾಶವಿದೆ. ಅದಕ್ಕೆ ಮರ ಎಲ್ಲಿಂದ ತರುವುದು ಎಂದರೆ, ಈ ಸೀಮೆಯ ಹೆಸರನ್ನೇ ಹೊತ್ತ ಒಂದು ಮರ ಬೇಲಿಬೇಲಿಯಲ್ಲಿ ನಿಂತಿದೆ: ಬಳ್ಳಾರಿ ಜಾಲಿ.

ಮೂಲತಃ ಅಮೆರಿಕ ಖಂಡದ ಈ ಮುಳ್ಳುಗಿಡವನ್ನು ಸೌದೆಗೆಂದು ತಂದು ಬೆಳೆಸಿದರು. ಅದು ಕೆರೆಯಂಗಳ, ಗೋಮಾಳಗಳನ್ನೆಲ್ಲ ನುಂಗಿತು. ರೈತರು ಅದಕ್ಕೆ ಶಾಪ ಹಾಕದ ದಿನವಿಲ್ಲ. ಸುಟ್ಟು ಇದ್ದಿಲು ಮಾಡುವುದೊಂದೇ ಅದರ ಉಪಯೋಗ ಎಂದುಕೊಂಡಿದ್ದೇವೆ. ಆದರೆ ಇದರ ದಾಯಾದಿಯಾದ ಮೆಸ್ಕೀಟ್ ಮರವನ್ನು ಅಮೆರಿಕದ ಟೆಕ್ಸಾಸ್ ಸೀಮೆಯ ಮರಗೆಲಸದವರು ಬಹಳ ಬೆಲೆ ಕೊಟ್ಟು ಕೊಳ್ಳುತ್ತಾರೆ. ಕಾರಣ, ತೇವಕ್ಕೆ ಅದು ಉಬ್ಬಿ ಕುಗ್ಗುವುದು ಬಹಳ ಕಡಿಮೆ. ಅದರ ಬಿರುಕುಗಳಿಗೆ ನೀಲಿ ವೈಡೂರ್ಯದಂಥ ಹರಳಿನ ಪುಡಿ ತುಂಬಿ ಅಲಂಕರಿಸುವುದು ಅಲ್ಲಿ ಪ್ರಸಿದ್ಧ. ನಮ್ಮ ಬಳ್ಳಾರಿ ಜಾಲಿಯೂ ಗಟ್ಟಿ, ಕಂದುಗೆಂಪು ತಿರುಳಿನ ಮರ. ಕಾಂಡ ಡೊಂಕು, ಹಲಗೆ ಸಿಗುವುದಿಲ್ಲ ಎಂಬ ದೂರು ಮೇಜಿಗೆ ಸರಿ, ಒಂದು ಗೇಣಿನ ಹಿಡಿಗೆ ಅನ್ವಯಿಸುವುದಿಲ್ಲ. ಹುದುಗಿಸುವ ಕೆಲಸವನ್ನು ಬಯಸುವವರಿಗೂ, ಹಿಡಿಯ ಮೇಲ್ತುದಿಯಲ್ಲಿ, ಕುದಿ ತಾಗದ ಜಾಗದಲ್ಲಿ, ಇದಕ್ಕಿಂತ ಒಗ್ಗುವ ಮರ ಹತ್ತಿರದಲ್ಲಿ ಮತ್ತೊಂದು ಸಿಗಲಾರದು.

ಗೀರಿಗೆ ತುಂಬುವ ಕಪ್ಪಿನ ಬಗ್ಗೆ ಒಂದು ಎಚ್ಚರಿಕೆ. ಬೂಟ್ ಪಾಲಿಶ್, ಪೀಠೋಪಕರಣದ ಬಣ್ಣಗಳು ಊಟದ ವಸ್ತುವಿಗೆ ಬೇಡ. ಕಾಫಿ ಪುಡಿ, ಇದ್ದಿಲ ನುಣುಪು ಪುಡಿ ಸಾಕು. ಮೇಲೆ ಸವರುವ ಎಣ್ಣೆಯೂ ಮುಖ್ಯ. ಕೂಡ್ಲಿಗಿ ಕಡೆ ಮನೆಮನೆಯಲ್ಲಿ ಇರುವುದು ಶೇಂಗಾ ಎಣ್ಣೆ. ಅದು ಎಷ್ಟು ದಿನ ಇಟ್ಟರೂ ಒಣಗುವುದಿಲ್ಲ, ಜಿಡ್ಡಾಗಿಯೇ ಉಳಿದು ಕೊನೆಗೆ ಕಮಟು ವಾಸನೆ ಹಿಡಿಯುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ತೆಳುವಾದ ಪೊರೆ ಕಟ್ಟುತ್ತದೆ, ಕುಸುಬೆ ಎಣ್ಣೆ ಅದಕ್ಕಿಂತ ನಿಧಾನವಾಗಿ. ಬಟ್ಟೆಯಲ್ಲಿ ಅದ್ದಿ ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿ, ಕೆಲವು ದಿನ ಗಾಳಿಯಾಡುವ ಕಡೆ ಗೂಟಕ್ಕೆ ತೂಗುಹಾಕಬೇಕು. ಎಣ್ಣೆ ಹೀರಿದ ಆ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ.